ಅಟ್ಟ, ಭರಣಿ, ಅಂಗಳ

ಬೆಳೆಯನ್ನು ಬೆಳೆಯುವುದು ಒಂದು ವಿದ್ಯೆ. ಬೆಳೆದುದನ್ನು ಕೆಡದಂತೆ ಉಳಿಸಿಕೊಳ್ಳುವುದು ಮತ್ತೊಂದು ವಿದ್ಯೆ. ಮೊದಲನೆಯದಕ್ಕೆ ಲೋಕದಲ್ಲಿ ಹೆಸರು ಹೆಚ್ಚು. ತೋಟವನ್ನು ನೋಡಬಂದವರು ಮರದ ಎತ್ತರವನ್ನೂ ಗೊನೆಯ ಭಾರವನ್ನೂ ಹೊಗಳುವರೇ ಹೊರತು ಆ ಮನೆಯ ಅಟ್ಟವನ್ನೇರಿ ನೋಡುವವರು ವಿರಳ. ಆದರೆ ಒಕ್ಕಲು ಮನೆಯ ಭಾಗ್ಯಾಭಾಗ್ಯಗಳು ಅನೇಕ ಸಲ ಕೊಯ್ಲು ಮುಗಿದ ತರುವಾಯದ ದಿನಗಳಲ್ಲಿಯೇ ನಿಶ್ಚಯವಾಗುವುವು. ಮರದಿಂದ ಬೇರ್ಪಟ್ಟ ಹಣ್ಣು ಸತ್ತ ವಸ್ತುವೆಂದು ಸಾಮಾನ್ಯರ ಭಾವನೆ. ವಾಸ್ತವದಲ್ಲಿ ಅದು ಹಾಗಲ್ಲ. ಕೊಯ್ದ ಹಣ್ಣೂ ಉಸಿರಾಡುತ್ತದೆ. ತನ್ನಲ್ಲಿ ಕೂಡಿಟ್ಟುಕೊಂಡ ಸಕ್ಕರೆಯನ್ನು ಸ್ವಲ್ಪಸ್ವಲ್ಪವಾಗಿ ಸುಟ್ಟು ಶಾಖವನ್ನು ಹೊರಗೆ ಬಿಡುತ್ತದೆ. ಸಿಪ್ಪೆಯ ಮೂಲಕ ನೀರನ್ನು ಕಳೆದುಕೊಳ್ಳುತ್ತದೆ. ಮಾಗುತ್ತದೆ, ಮುಪ್ಪಾಗುತ್ತದೆ, ಕಡೆಗೆ ಕೊಳೆಯುತ್ತದೆ. ಬೇರಿನಿಂದ ಊಟ ಬರುವುದು ನಿಂತಿರುವುದರಿಂದ ಅದು ಇಟ್ಟ ಗಂಟನ್ನೇ ತಿಂದು ಬದುಕಬೇಕಾದ ಮುದುಕನಂತಿರುವುದು. ಆ ಗಂಟು ಬೇಗನೆ ಕರಗದ ಹಾಗೆ ನೋಡಿಕೊಳ್ಳುವುದೇ ಸಂಗ್ರಹಣೆಯ ವಿದ್ಯೆಯ ಸಾರ.

ಈ ವಿದ್ಯೆಯನ್ನು ಶಾಲೆಗೆ ಹೋಗದೆಯೇ ಕಲಿತಿದ್ದ ಜನರು ಲಾಯಿಲದಂಥ ಗ್ರಾಮಗಳಲ್ಲಿದ್ದರು. ಈಗಲೂ ಕೆಲವರು ಇದ್ದಾರೆ. ಲಾಯಿಲವು ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ಪೇಟೆಗೆ ತಾಗಿಕೊಂಡಿರುವ ಗ್ರಾಮ. ಮಂಗಳೂರಿನಿಂದ ಬಂಟ್ವಾಳವನ್ನು ಹಾದು ಚಾರ್ಮಾಡಿ ಘಟ್ಟವನ್ನೇರುವ ಹೆದ್ದಾರಿಯು ಬೆಳ್ತಂಗಡಿಯನ್ನು ಬಿಟ್ಟು ಉಜಿರೆಯನ್ನು ಸೇರುವ ಮೊದಲು ಈ ಊರನ್ನು ದಾಟಿ ಹೋಗುತ್ತದೆ. ಮೂಡಣ ದಿಕ್ಕಿನಲ್ಲಿ ಕುದುರೆಮುಖದ ಬೆಟ್ಟಗಳ ಸಾಲು. ಬಡಗಣ ದಿಕ್ಕಿನಲ್ಲಿ, ಟಿಪ್ಪು ಸುಲ್ತಾನನು 1794ರಲ್ಲಿ ಕೋಟೆಯನ್ನು ಕಟ್ಟಿಸಿದ ಜಮಾಲಾಬಾದಿನ ಹೆಬ್ಬಂಡೆ. ಜನರು ಅದನ್ನು ಗಡಾಯಿಕಲ್ಲೆಂದು ಕರೆಯುವರು. ಘಟ್ಟದ ಬುಡವಾದುದರಿಂದ ಇಲ್ಲಿ ಮಳೆಗೆ ಕೊರತೆಯಿಲ್ಲ. ವರ್ಷಕ್ಕೆ 4000 ಮಿಲಿಮೀಟರಿಗೆ ಕಡಮೆಯಿಲ್ಲದೆ ಸುರಿಯುವ ಮಳೆಯ ಬಹುಭಾಗವು ಜೂನಿನಿಂದ ಸಪ್ಟಂಬರದ ವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಬೀಳುತ್ತದೆ. ಆ ನಾಲ್ಕು ತಿಂಗಳು ಗಾಳಿಯು ನೀರನ್ನು ಕುಡಿದು ಭಾರವಾಗಿರುತ್ತದೆ. ಒಣಗಿದ ವಸ್ತುವೆಲ್ಲ ಆ ಗಾಳಿಯಿಂದ ನೀರನ್ನು ಹೀರಿಕೊಳ್ಳುತ್ತದೆ. ಉಪ್ಪು ಕರಗುತ್ತದೆ, ಬೆಲ್ಲ ಜಿನುಗುತ್ತದೆ, ಚರ್ಮದ ಕೆರದ ಮೇಲೆ ಬೂಷ್ಟು ಹಿಡಿಯುತ್ತದೆ. ಇಂಥ ದೇಶದಲ್ಲಿ ಹಣ್ಣುಕಾಯಿಗಳನ್ನು ತಿಂಗಳುಗಟ್ಟಲೆ ಕಾಯ್ದಿಡುವುದು ಅಲ್ಪ ಸಾಹಸವಲ್ಲ.

ಸಾಹಸವಾದರೂ ಅದನ್ನು ಮಾಡದೆ ಗತಿಯಿರಲಿಲ್ಲ. ತುಳುನಾಡಿನ ಪಂಚಾಂಗದಲ್ಲಿ ಬೇಶ ತಿಂಗಳ ಹತ್ತನೆಯ ದಿನವನ್ನು ಪತ್ತನಾಜೆಯೆನ್ನುವರು. ಅದು ಸುಮಾರಾಗಿ ಮೇ ತಿಂಗಳ ನಾಲ್ಕನೆಯ ವಾರದಲ್ಲಿ ಬರುತ್ತದೆ. ಆ ದಿನಕ್ಕೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುವುವು, ಕೋಲ ನೇಮಗಳು ನಿಲ್ಲುವುವು; ಮನೆಯ ಹೆಂಗಸರಿಗೆ ಅಂಗಳದಲ್ಲಿ ಒಣಗಿಸತಕ್ಕದ್ದನ್ನೆಲ್ಲ ಒಣಗಿಸಿ ಒಳಗೆ ಸೇರಿಸಲು ಅದೇ ಗಡು. ಅಲ್ಲಿಂದ ಮುಂದೆ ಬರುವ ಆಟಿ ತಿಂಗಳು ಹಿಂದಿನ ಕಾಲದಲ್ಲಿ ಬಡವರಿಗೆ ಬಹಳ ಕಷ್ಟದ ತಿಂಗಳಾಗಿತ್ತು. ಹಳೆಯ ಅಕ್ಕಿ ಮುಗಿಯುತ್ತ ಬಂದಿರುತ್ತದೆ, ಹೊಸ ಪೈರು ಇನ್ನೂ ಗದ್ದೆಯಲ್ಲಿರುತ್ತದೆ, ಕೂಲಿಯ ಕೆಲಸವಿಲ್ಲ, ತೋಡು ಹಳ್ಳಗಳು ತುಂಬಿ ಪೇಟೆಯ ದಾರಿ ಕಡಿದಿರುತ್ತದೆ. ಆಗ ಒಲೆಯ ಮೇಲೆ ಏನು ಬೇಯುವುದೆಂಬುದು ಬೇಸಗೆಯಲ್ಲಿ ಏನನ್ನು ಎತ್ತಿಟ್ಟಿದ್ದರೆಂಬುದನ್ನು ಹೊಂದಿಕೊಂಡಿರುತ್ತಿತ್ತು. ಆದುದರಿಂದ ಇಲ್ಲಿಯ ಮನೆಗಳ ಅಟ್ಟವೂ ಭರಣಿಯೂ ವಿನೋದಕ್ಕಾಗಿ ಹುಟ್ಟಿದವುಗಳಲ್ಲ. ಅವು ಹಸಿವೆಯ ಭಯದಿಂದ ಹುಟ್ಟಿದವು.

ಅಟ್ಟದ ವಸ್ತುಗಳಲ್ಲಿ ಮೊದಲನೆಯ ಮರ್ಯಾದೆ ಸೌತೆಕಾಯಿಗೆ ಸಲ್ಲತಕ್ಕದ್ದು. ಹಸಿಯಾಗಿ ತಿನ್ನುವ ಎಳೆಯ ಮುಳ್ಳುಸೌತೆಯಲ್ಲ; ಹುಳಿ ಕೊದ್ದೆಲುಗಳಿಗೆ ಹಾಕುವ, ಹೊರ ರಾಜ್ಯದವರು ಮಂಗಳೂರು ಸೌತೆಯೆಂದು ಕರೆಯುವ, ಹಳದಿ ಹಸುರು ಪಟ್ಟೆಗಳ ಗಟ್ಟಿ ಕಾಯಿ. ಸಸ್ಯಶಾಸ್ತ್ರಜ್ಞರು ಇದನ್ನು ಕರಬೂಜದ ಕುಲಕ್ಕೆ ಸೇರಿಸುತ್ತಾರೆ. ಗದ್ದೆಯ ಕೊಯ್ಲಾದ ಬಳಿಕ ಅದೇ ಗದ್ದೆಯಲ್ಲಿ ಸಾಲು ತೋಡಿ, ಸುಡುಮಣ್ಣು ಹಾಕಿ, ಕೊಡದಲ್ಲಿ ನೀರು ಹೊತ್ತು ಬೆಳೆಯಿಸುವ ಬೇಸಗೆಯ ಬೆಳೆಯಿದು. ಬಳ್ಳಿ ಒಣಗುವ ವರೆಗೆ ಬಿಟ್ಟು, ಕಾಯಿಯ ಸಿಪ್ಪೆ ಬಲಿತು ಉಗುರು ನಾಟದಂತಾದ ಮೇಲೆ, ತೊಟ್ಟು ಮುರಿಯದ ಹಾಗೆ ಕೊಯ್ಯುವರು. ಇಬ್ಬನಿಯಾರಿದ ಮೇಲೆ ಕೊಯ್ಯಬೇಕು, ಎತ್ತಿ ಹಾಕಕೂಡದು, ತೊಳೆಯಕೂಡದು. ಆಮೇಲೆ ತೆಂಗಿನ ಗರಿಯನ್ನೋ ಬಾಳೆಯ ನಾರನ್ನೋ ಕುಣಿಕೆಮಾಡಿ ಒಂದೊಂದು ಕಾಯಿಯನ್ನೂ ಬೇರೆಬೇರೆಯಾಗಿ ಕಟ್ಟಿ ಅಟ್ಟದ ಅಡಿಯ ತೊಲೆಗಳಿಂದ ತೂಗಹಾಕುವರು. ಈ ರೀತಿಯಾಗಿ ತೂಗಿದ ಸೌತೆಕಾಯಿಗಳು ಮಳೆಗಾಲವನ್ನು ದಾಟುವುದುಂಟು.

ಈ ಒಂದೊಂದು ನಿಯಮದಲ್ಲಿಯೂ ಅರ್ಥವಿದೆ. ಬಲಿತ ಸಿಪ್ಪೆಯ ಮೇಲೆ ಮೇಣದಂಥ ಒಂದು ತೆಳು ಪದರವಿರುತ್ತದೆ. ನೀರು ಹೊರಗೆ ಹೋಗದಂತೆಯೂ ಬೂಷ್ಟು ಒಳಗೆ ಬಾರದಂತೆಯೂ ತಡೆಯುವುದು ಅದರ ಕೆಲಸ. ತೊಳೆದು ಉಜ್ಜಿದರೆ ಅದು ಹೋಗುತ್ತದೆ. ತೊಟ್ಟು ಕಿತ್ತುಬಂದರೆ ಅಲ್ಲಿ ಗಾಯವಾಗುತ್ತದೆ. ಗಾಯವೇ ಕೊಳೆಯ ಬಾಗಿಲು. ನೆಲದಲ್ಲಿ ರಾಶಿ ಹಾಕಿದರೆ ಮೇಲಿನ ಕಾಯಿಯ ಭಾರದಿಂದ ಕೆಳಗಿನದು ಜಜ್ಜುತ್ತದೆ, ಒಂದರ ಶಾಖ ಮತ್ತೊಂದಕ್ಕೆ ತಾಗುತ್ತದೆ, ಕೆಟ್ಟದ್ದೊಂದು ನೆರೆಯ ನಾಲ್ಕನ್ನು ಕೆಡಿಸುತ್ತದೆ. ತೂಗಹಾಕಿದ ಕಾಯಿಗೆ ಸುತ್ತಲೂ ಗಾಳಿಯಾಡುತ್ತದೆ. ಕೆಟ್ಟರೆ ಅದೊಂದೇ ಕೆಡುತ್ತದೆ. ಕುಂಬಳಕಾಯಿಯ ಮೈಮೇಲಿನ ಬೂದಿಯೂ ಇಂಥ ಮೇಣವೇ. ಆ ಬೂದಿಯನ್ನು ಒರಸಬೇಡವೆಂದು ಮಕ್ಕಳನ್ನು ಗದರಿಸುತ್ತಿದ್ದ ಅಜ್ಜಿಯಂದಿರು ರಸಾಯನಶಾಸ್ತ್ರವನ್ನು ಓದಿರಲಿಲ್ಲ. ಆದರೆ ಒರಸಿದ ಕಾಯಿಯು ಶ್ರಾವಣವನ್ನು ಕಾಣುವುದಿಲ್ಲವೆಂಬುದನ್ನು ಕಂಡಿದ್ದರು.

ಅಟ್ಟಕ್ಕೆ ಮತ್ತೊಂದು ರಕ್ಷೆಯಿತ್ತು. ಅದು ಕೆಳಗಿನ ಒಲೆಯ ಹೊಗೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಈ ಸೀಮೆಯ ಮನೆಗಳು ಕ್ರಮೇಣ ಹುಲ್ಲಿನ ಮಾಡನ್ನು ಬಿಟ್ಟು ಹಂಚನ್ನು ಹೊದ್ದವು. ಹಂಚಿನ ಸಂದುಗಳಿಂದ ಹೊಗೆ ಹೊರಗೆ ಹೋಗುವ ಮೊದಲು ಅಟ್ಟವನ್ನೆಲ್ಲ ಸುತ್ತಿ ಬರುತ್ತಿತ್ತು. ದಿನಕ್ಕೆರಡು ಹೊತ್ತು ಉರಿಯುವ ಒಲೆಯು ಮಳೆಗಾಲದಲ್ಲಿಯೂ ಅಟ್ಟದ ಗಾಳಿಯನ್ನು ಬಿಸಿಯಾಗಿಯೂ ಒಣಗಿದಂತೆಯೂ ಇಡುತ್ತಿತ್ತು. ಹೊಗೆಯಲ್ಲಿರುವ ದ್ರವ್ಯಗಳು ಬೂಷ್ಟಿಗೂ ಹುಳುವಿಗೂ ಹಿತವಾದವುಗಳಲ್ಲ. ತೊಲೆಗಳು ಕರಿಹಿಡಿದು ಕಪ್ಪಾಗಿದ್ದುವು, ಅಡುಗೆಮಾಡುವ ಹೆಂಗಸಿನ ಕಣ್ಣುಗಳು ಕೆಂಪಾಗಿದ್ದುವು. ಬೀಜದ ಸೌತೆ, ಬೀಜದ ಬೆಂಡೆ, ಹೀರೆ, ಸೋರೆ ಎಲ್ಲವೂ ಆ ಹೊಗೆಯಲ್ಲಿಯೇ ಮುಂದಿನ ವರ್ಷವನ್ನು ಕಾದಿರುತ್ತಿದ್ದುವು. ಆ ಹೆಂಗಸಿನ ಕಣ್ಣುರಿಯ ಬೆಲೆಯನ್ನು ಮರೆತು ಹಳೆಯ ಅಟ್ಟವನ್ನು ಹೊಗಳುವುದು ನ್ಯಾಯವಲ್ಲ.

ಅಟ್ಟದಲ್ಲಿ ಇಡಲು ಬಾರದ ವಸ್ತುಗಳಿಗೆ ಭರಣಿಯುಂಟು. ಹಲಸಿನ ಮರವು ಉದಾರಿ. ಆದರೆ ಅದರ ಔದಾರ್ಯಕ್ಕೆ ಹೊತ್ತುಗೊತ್ತಿಲ್ಲ. ಎಪ್ರಿಲ್ ಮೇ ತಿಂಗಳುಗಳಲ್ಲಿ ಒಂದೇ ಸವನೆ ಬಲಿಯುವ ಹಲಸನ್ನು ಮನೆಮಂದಿಯೂ ನೆರೆಯವರೂ ದನಕರುಗಳೂ ತಿಂದರೂ ಮುಗಿಯುವುದಿಲ್ಲ. ಮೊದಲ ಮಳೆ ಬಿದ್ದೊಡನೆ ಉಳಿದ ಹಣ್ಣು ನೀರುಗೂಡಿ ರುಚಿಗೆಟ್ಟು ಮರದ ಬುಡದಲ್ಲಿ ಕೊಳೆಯುವುದು. ಆದುದರಿಂದ ಬಲಿತ ಕಾಯಿಯ ಸೊಳೆಗಳನ್ನು ಬಿಡಿಸಿ, ಒಂದು ಪದರ ಸೊಳೆ ಒಂದು ಪದರ ಉಪ್ಪು ಎಂಬ ಕ್ರಮದಲ್ಲಿ ಭರಣಿಗೆ ತುಂಬಿ, ಮೇಲೆ ಬಾಳೆಯೆಲೆ ಮುಚ್ಚಿ, ತೊಳೆದ ಕಲ್ಲನ್ನು ಹೇರಿ, ಬಾಯಿಗೆ ಬಟ್ಟೆ ಕಟ್ಟುವರು. ಉಪ್ಪು ಸೊಳೆಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಆ ಉಪ್ಪುನೀರಿನಲ್ಲಿ ಸೊಳೆಗಳು ಮುಳುಗುತ್ತವೆ. ಮೇಲಿನ ಕಲ್ಲು ಅವು ತೇಲಿ ಗಾಳಿಗೆ ಬಾರದಂತೆ ನೋಡಿಕೊಳ್ಳುತ್ತದೆ. ಕೊಳೆಯಿಸುವ ಜೀವಾಣುಗಳಿಗೆ ಅಲ್ಲಿ ಬಾಯಾರಿ ಸಾಯಬೇಕಾಗುತ್ತದೆ. ಆಟಿಯ ಮಳೆಯಲ್ಲಿ ಬೇಕಾದಷ್ಟನ್ನು ತೆಗೆದು, ಮೂರು ನಾಲ್ಕು ಸಲ ನೀರಿನಲ್ಲಿ ತೊಳೆದು ಉಪ್ಪುಬಿಡಿಸಿ, ಪಲ್ಯವನ್ನೋ ರೊಟ್ಟಿಯನ್ನೋ ಉಂಡ್ಲಕಾಳನ್ನೋ ಮಾಡುವರು. ತುಳುವಿನಲ್ಲಿ ಇದೇ ಉಪ್ಪಡ್ ಪಚ್ಚಿಲ್. ಒದ್ದೆ ಕೈಯನ್ನು ಭರಣಿಗೆ ಹಾಕಬಾರದೆಂಬುದು ಇಲ್ಲಿಯ ಮುಖ್ಯ ಶಾಸನ. ಈ ಶಾಸನವನ್ನು ಮೀರಿದ ಸೊಸೆಯು ವರ್ಷವೆಲ್ಲ ಅದರ ಮಾತನ್ನು ಕೇಳಬೇಕಾಗುತ್ತಿತ್ತು.

ಹಲಸಿನ ಬೇಳೆಯೂ ವ್ಯರ್ಥವಾಗುವುದಿಲ್ಲ. ಕೆಮ್ಮಣ್ಣನ್ನು ಸವರಿ ನೆಲಕ್ಕೆ ಹರಡಿದರೆ ಅದು ಮೊಳೆಯದೆ ಒಣಗದೆ ಕೆಲವು ತಿಂಗಳಿರುತ್ತದೆ. ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿದರೆ ಸಾಂತಾಣಿಯಾಗಿ ಮಕ್ಕಳ ಜೇಬನ್ನು ಸೇರುತ್ತದೆ. ಕಾಡುಮಾವಿನ ಹಣ್ಣಿನ ರಸವನ್ನು ಚಾಪೆಯ ಮೇಲೆ ದಿನದಿನವೂ ಪದರಪದರವಾಗಿ ಸುರಿದು ಬಿಸಿಲಿಗಿಟ್ಟರೆ ಮಾಂಬಳ. ಬಲಿತ ಮಾವಿನಕಾಯಿಯನ್ನು ಇಡಿಯಾಗಿ ಉಪ್ಪುನೀರಿಗೆ ಹಾಕಿದರೆ ನೀರುಮಾವಿನಕಾಯಿ. ಪುನರ್ಪುಳಿಯ ಸಿಪ್ಪೆಯನ್ನು ಒಣಗಿಸಿದರೆ ವರ್ಷದ ಹುಳಿ. ಬಿಸಿಲು, ಉಪ್ಪು, ಹೊಗೆ, ಹುಳಿ, ಈ ನಾಲ್ಕರ ಹೊರತು ಅವರಿಗೆ ಬೇರೆ ಯಂತ್ರವಿರಲಿಲ್ಲ.

ಬಾಳೆಗೊನೆಯ ವಿಷಯದಲ್ಲಿ ಕಾಯ್ದಿಡುವುದಕ್ಕಿಂತಲೂ ಹೊತ್ತಿಗೆ ಸರಿಯಾಗಿ ಹಣ್ಣುಮಾಡುವುದೇ ದೊಡ್ಡ ಕೆಲಸ. ಮದುವೆ ಉಪನಯನಗಳಿಗೆ ನಾಲ್ಕು ದಿನವಿರುವಾಗ ಗೊನೆಗಳನ್ನು ಗುಂಡಿಯಲ್ಲಿಯೋ ಮುಚ್ಚಿದ ಕೋಣೆಯಲ್ಲಿಯೋ ಇರಿಸಿ ಹೊಗೆ ಹಾಕುವ ಪದ್ಧತಿಯಿತ್ತು. ಹೊಗೆಯ ಬಿಸಿಯೇ ಹಣ್ಣುಮಾಡುತ್ತದೆಂದು ಜನರು ತಿಳಿದಿದ್ದರು. ಹೊಗೆಯಲ್ಲಿರುವ ಎಥಿಲೀನ್ ಎಂಬ ವಾಯುವೇ ಅದನ್ನು ಮಾಡುತ್ತದೆಂಬುದೂ, ಹಣ್ಣು ತಾನಾಗಿಯೇ ಆ ವಾಯುವನ್ನು ಹುಟ್ಟಿಸುತ್ತದೆಂಬುದೂ ಬಹಳ ಕಾಲ ಯಾರಿಗೂ ಗೊತ್ತಿರಲಿಲ್ಲ; ಎರಡನೆಯ ಮಾತನ್ನು ಇಂಗ್ಲೆಂಡಿನ ರಿಚರ್ಡ್ ಗೇನ್ ಎಂಬ ಶಾಸ್ತ್ರಜ್ಞನು 1934ರಲ್ಲಿ ಸೇಬಿನ ಮೇಲೆ ಪರೀಕ್ಷೆಮಾಡಿ ಸಿದ್ಧಪಡಿಸಿದನು. ಮಾಗಿದ ಒಂದು ಹಣ್ಣನ್ನು ಕಾಯಿಗಳ ನಡುವೆ ಇಟ್ಟರೆ ಉಳಿದವೂ ಬೇಗ ಮಾಗುವುದರ ಗುಟ್ಟು ಇದೇ. ತರುವಾಯ ಪೇಟೆಯ ಆತುರಗಾರರು ಹೊಗೆಯ ಬದಲು ಕಾರ್ಬೈಡಿನ ಪುಡಿಯನ್ನು ಹಿಡಿದರು. ಅದರಿಂದ ಸಿಪ್ಪೆ ಹಳದಿಯಾಗುತ್ತದೆಯೇ ವಿನಾ ಒಳಗೆ ಸವಿ ಕೂಡುವುದಿಲ್ಲ. ಮೇಲಾಗಿ ಅದರಲ್ಲಿ ವಿಷಾಂಶಗಳು ಬೆರೆತಿರುವುವು. 2011ರ ಆಹಾರ ಸುರಕ್ಷಾ ನಿಯಮಾವಳಿಯು ಅದನ್ನು ನಿಷೇಧಿಸಿದೆ.

ಇಷ್ಟೆಲ್ಲ ಅಟ್ಟ ಭರಣಿಗಳ ಮಾತಾಯಿತು. ಲಾಯಿಲದ ಒಕ್ಕಲಿಗನ ನಿಜವಾದ ಪರೀಕ್ಷೆ ನಡೆಯುವುದು ಅಂಗಳದಲ್ಲಿ. ಯಾಕಂದರೆ ಅವನ ಸಾಲ ತೀರುವುದೂ ಮಕ್ಕಳು ಓದುವುದೂ ಅಡಕೆಯಿಂದ. ಹಣ್ಣಡಕೆಯ ಕೊಯ್ಲು ನವಂಬರ ದಶಂಬರದಲ್ಲಿ ಮೊದಲಾಗಿ ಮೂರು ನಾಲ್ಕು ಸಲವಾಗಿ ಬೇಸಗೆಯ ವರೆಗೆ ಸಾಗುವುದು. ಕೊಯ್ದ ಹಣ್ಣಡಕೆಯ ತೂಕದಲ್ಲಿ ನೂರಕ್ಕೆ 60 ಪಾಲಿಗೂ ಮಿಕ್ಕಿ ನೀರೇ ಇರುವುದು. ಅದನ್ನು ಅಂಗಳದಲ್ಲಿ ತೆಳ್ಳಗೆ ಹರಡಿ, ಆಗಾಗ ಕಾಲಿನಿಂದಲೋ ಗೋರೆಯಿಂದಲೋ ಮಗುಚುತ್ತ, 35ರಿಂದ 45 ದಿನಗಳ ಬಿಸಿಲನ್ನು ಕಾಣಿಸಬೇಕು. ಒಣಗಿದ ತಿರುಳಿನಲ್ಲಿ ನೂರಕ್ಕೆ 10–12ಕ್ಕಿಂತ ಹೆಚ್ಚು ನೀರು ಉಳಿಯಕೂಡದು. ಇದನ್ನು ಅಳೆಯಲು ಯಂತ್ರಗಳುಂಟು. ಅನುಭವಸ್ಥನಿಗೆ ಕಿವಿಯೇ ಸಾಕು. ಸಿಪ್ಪೆಯೊಳಗಣ ತಿರುಳು ಕಳಚಿ ಗಲಗಲನೆ ಅಲುಗಿದರೆ ಅಡಕೆ ಒಣಗಿತು. ಆಮೇಲೆ ಸುಲಿದದ್ದು ಚಾಲಿ. ಮಲೆನಾಡಿನವರಂತೆ ಎಳೆಯದನ್ನು ಬೇಯಿಸಿ ಕೆಂಪಡಕೆ ಮಾಡುವುದು ಈ ಸೀಮೆಯ ವಾಡಿಕೆಯಲ್ಲ.

ಈ ನಲ್ವತ್ತು ದಿನಗಳು ಎಂಥವುಗಳೆಂಬುದನ್ನು ಒಂದು ಮನೆಯ ವೃತ್ತಾಂತದಿಂದ ಹೇಳಬಹುದು. 2024ನೆಯ ನವಂಬರ 30ರಂದು ಫೆಂಗಲ್ ಎಂಬ ಚಂಡಮಾರುತವು ಮೂಡಣ ಕಡಲಿನಿಂದ ಬಂದು ಪುದುಚೇರಿಯ ಸಮೀಪ ದಡವನ್ನು ಹತ್ತಿತು. ಬಲಗುಂದಿದ ಮೇಲೆಯೂ ಅದು ನಾಡನ್ನು ಅಡ್ಡಹಾದು ಪಡುವಣ ಕಡಲಿನತ್ತ ಸಾಗಿದ್ದರಿಂದ ದಶಂಬರದ ಮೊದಲ ವಾರದಲ್ಲಿ, ಮಳೆಯ ನಿರೀಕ್ಷೆಯೇ ಇಲ್ಲದ ದಕ್ಷಿಣ ಕನ್ನಡದಲ್ಲಿ ಭಾರಿ ಮಳೆ ಸುರಿಯಿತು. ಲಾಯಿಲದ ಆ ಮನೆಯ ಅಂಗಳದಲ್ಲಿ ಮೊದಲ ಕೊಯ್ಲಿನ ಅಡಕೆ ಹತ್ತು ಹನ್ನೆರಡು ದಿನ ಒಣಗಿತ್ತು. ಯಜಮಾನನು ಮಧ್ಯವಯಸ್ಸಿನವನು, ಮನೆಯಲ್ಲಿ ವೃದ್ಧಳಾದ ತಾಯಿ, ಹೆಂಡತಿ, ಪೇಟೆಯಲ್ಲಿ ಕೆಲಸ ನೋಡುವ ಮಗ, ಮುಂದಿನ ಜೂನಿನಲ್ಲಿ ಕಾಲೇಜು ಸೇರತಕ್ಕ ಮಗಳು. ಇರುಳು ಗುಡುಗಿನ ಶಬ್ದಕ್ಕೆ ಎಲ್ಲರೂ ಎದ್ದು ಅರ್ಧದಷ್ಟನ್ನು ಚಾವಡಿಗೆ ಎಳೆದುಹಾಕಿದರು. ಉಳಿದರ್ಧವನ್ನು ಪ್ಲಾಸ್ಟಿಕ್ಕಿನ ಹಾಳೆಯಿಂದ ಮುಚ್ಚಿದರು. ಹಾಳೆಯ ಮೇಲಿಂದ ನೀರು ಒಳಗಿಳಿಯಲಿಲ್ಲ. ಅಂಗಳದ ಇಳಿಜಾರಿನಲ್ಲಿ ಕೆಳಗಿನಿಂದ ನುಗ್ಗಿತು. ಮೂರು ದಿನಗಳ ಬಳಿಕ ಹಾಳೆಯನ್ನು ಸರಿಸಿದಾಗ ಬೆಚ್ಚಗಿನ ಹಬೆಯೊಡನೆ ಹುಳಿನಾತವು ಮೇಲಕ್ಕೆ ಬಂದಿತು.

ಮುಚ್ಚಿದ ಹಾಳೆಯೇ ಇಲ್ಲಿ ಅರ್ಧ ಅಪರಾಧಿ. ಹಸಿಯಾಗಿರುವ ವಸ್ತುವನ್ನು ಗಾಳಿಯಾಡದಂತೆ ಮುಚ್ಚಿದರೆ ಅದರ ಉಸಿರಿನ ಶಾಖವೂ ನೀರೂ ಒಳಗೇ ನಿಂತು ಬೂಷ್ಟಿಗೆ ತೊಟ್ಟಿಲು ಕಟ್ಟಿದಂತಾಗುತ್ತದೆ. ಬಿಸಿಲು ಮರಳಿ ಬಂದಮೇಲೆ ಸಿಪ್ಪೆ ಒಣಗಿ ಬೆಳ್ಳಗಾಗಬಹುದು. ಹೊರಗಿನಿಂದ ನೋಡಿದವನಿಗೆ ಭೇದವೇ ಕಾಣದು. ಒಳಗೆ ಮಾತ್ರ ತಿರುಳಿನ ಬಿಳಿ ಕಂದು ಗೆರೆಗಳ ಚೆಲುವು ಅಳಿದು ಕಪ್ಪು ಹರಡಿರುತ್ತದೆ. ಜನವರಿಯ ಕೊನೆಯಲ್ಲಿ ಎರಡು ರಾಶಿಗಳೂ ಒಣಗಿದುವು. ಮಗನು ಲೆಕ್ಕಹಾಕಿ, ಎರಡನ್ನೂ ಕಲಸಿ ಸುಲಿಸಿದರೆ ನೂರಕ್ಕೆ ಹತ್ತಿಪ್ಪತ್ತು ಕೆಟ್ಟದ್ದು ಚೀಲದಲ್ಲಿ ಕಾಣದೆ ಹೋಗುವುದೆಂದೂ, ಊರಿನಲ್ಲಿ ಹಲವರು ಈ ವರ್ಷ ಹಾಗೆಯೇ ಮಾಡುವರೆಂದೂ ಹೇಳಿದನು. ಯಜಮಾನನು ಸುಮ್ಮನಿದ್ದನು. ಸುಮ್ಮನಿರುವುದಕ್ಕೆ ಕಾರಣವಿತ್ತು, ಮಗಳ ಕಾಲೇಜಿನ ಹಣ ಅವನ ಕಣ್ಣೆದುರಿಗಿತ್ತು.

ವೃದ್ಧೆಯು ವಾದಿಸಲಿಲ್ಲ. ಅಡಕತ್ತರಿಯನ್ನು ತರಿಸಿ, ನೆನೆದ ರಾಶಿಯಿಂದ ಹತ್ತು, ನೆನೆಯದ ರಾಶಿಯಿಂದ ಹತ್ತು ಅಡಕೆಗಳನ್ನು ಸುಲಿಸಿ, ಒಂದೊಂದನ್ನೂ ಎರಡು ಹೋಳು ಮಾಡಿ ಬಾಳೆಯೆಲೆಯ ಮೇಲೆ ಎರಡು ಸಾಲಾಗಿ ಇರಿಸಿದಳು. ನೆನೆದ ಸಾಲಿನಲ್ಲಿ ನಾಲ್ಕು ಕಪ್ಪಾಗಿದ್ದುವು. "ಕಲಸಿದರೆ ಇದು ಅದರಲ್ಲಿ ಮುಚ್ಚಿಹೋಗುವುದಿಲ್ಲ, ಅದು ಇದರಂತಾಗುತ್ತದೆ" ಎಂದು ಮಾತ್ರ ಹೇಳಿ ಒಳಗೆ ಹೋದಳು. ಮುದುಕಿಯ ಮಾತು ನೀತಿಯಷ್ಟೇ ಆಗಿರದೆ ನಿಜಸ್ಥಿತಿಯೂ ಆಗಿತ್ತು. ನೀರುಳಿದ ಅಡಕೆಯನ್ನು ಒಣಗಿದ ಅಡಕೆಯೊಡನೆ ಚೀಲದಲ್ಲಿ ಹಾಕಿಟ್ಟರೆ ತೇವವು ಒಂದರಿಂದ ಒಂದಕ್ಕೆ ಸರಿದು, ಮಳೆಗಾಲ ಮುಗಿಯುವುದರೊಳಗಾಗಿ ಬೂಷ್ಟೂ ಕೊರೆಯುವ ಹುಳುವೂ ಇಡೀ ಚೀಲವನ್ನು ಹಿಡಿಯುವುವು. ವ್ಯಾಪಾರಿಯು ಚೀಲಕ್ಕೆ ಕೈಹಾಕಿ ಹಿಡಿಯಷ್ಟನ್ನು ತೆಗೆದು ಕತ್ತರಿಸಿ ನೋಡುವುದು ಹತ್ತು ಅಡಕೆಗಳನ್ನು. ಬೆಲೆ ಕಟ್ಟುವುದು ಹತ್ತು ಚೀಲಗಳಿಗೆ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆಯು ಅಡಕೆಯ ನಾಡಿನಲ್ಲಿ ಅಕ್ಷರಶಃ ಸತ್ಯ.

ಎರಡು ರಾಶಿಗಳನ್ನೂ ಬೇರೆಬೇರೆಯಾಗಿಯೇ ಸುಲಿಸಲಾಯಿತು. ಸುಲಿದ ಮೇಲೆ ಆಯುವ ಕೆಲಸ. ಈ ಸೀಮೆಯ ಅಡಕೆಯ ವರ್ಗೀಕರಣವು ಒಂದು ಸಣ್ಣ ಶಾಸ್ತ್ರವೇ ಆಗಿದೆ. ನಿರ್ದುಷ್ಟವಾದದ್ದು ಚಾಲಿ, ಕುಂದುಳ್ಳವುಗಳಿಗೆ ಪಟೋರ, ಉಳ್ಳಿಗಡ್ಡೆ, ಕರಿಗೋಟು, ಕೋಕ ಎಂದು ಬೇರೆಬೇರೆ ಹೆಸರು, ಬೇರೆಬೇರೆ ಬೆಲೆ. ಚಾಲಿಯೊಳಗೂ ಗಾತ್ರವನ್ನನುಸರಿಸಿ ಮೋಟಿ, ಸೇವರ್ಧನ, ಜಾಮ್‌ನಗರ, ಜೀನಿ ಎಂಬ ಭೇದಗಳಿವೆ. ಹೆಸರುಗಳೇ ಆ ಅಡಕೆಯು ಎಷ್ಟು ದೂರದ ಬಾಯಿಗಳಿಗಾಗಿ ಹೋಗುವುದೆಂಬುದನ್ನು ಸೂಚಿಸುತ್ತವೆ. ಹಗಲೆಲ್ಲ ದುಡಿದ ಹೆಂಗಸರು ಸಂಜೆ ಚಾವಡಿಯ ದೀಪದ ಕೆಳಗೆ ಕುಳಿತು ಕಣ್ಣಳತೆಯಿಂದಲೇ ಇವುಗಳನ್ನು ಬೇರ್ಪಡಿಸುವ ವೇಗವನ್ನು ಕಂಡವರೇ ಬಲ್ಲರು. ಆ ಮನೆಯಲ್ಲಿ ನೆನೆದ ರಾಶಿಯ ಕೆಟ್ಟ ಅಡಕೆಯು ಕೋಕವಾಗಿ ಅಲ್ಪ ಬೆಲೆಗೆ ಮಾರಿಹೋಯಿತು. ನಷ್ಟವು ನಷ್ಟವೇ, ಅದನ್ನು ಯಾವ ಮಾತಿನಿಂದಲೂ ಲಾಭವೆಂದು ತೋರಿಸಲಾಗದು. ಆಯ್ದು ಉಳಿದ ಒಳ್ಳೆಯದರಲ್ಲಿ ಅರ್ಧವನ್ನು ಮೇ ತಿಂಗಳಲ್ಲಿ ಹೊಸ ಅಡಕೆಯಾಗಿ ಮಾರಿ ಮಗಳನ್ನು ಕಾಲೇಜಿಗೆ ಸೇರಿಸಿದರು, ಉಳಿದರ್ಧವನ್ನು ಕಾಯ್ದಿಟ್ಟರು.

ಕಾಯ್ದಿಟ್ಟುದಕ್ಕೆ ಕಾರಣವಿದೆ. ಹಣ್ಣುಕಾಯಿಗಳ ಜಾತಿಯಲ್ಲಿ ಅಡಕೆಯು ಒಂದು ವಿಚಿತ್ರ ವಸ್ತು. ಬೇರೆಯವುಗಳ ಬೆಲೆ ದಿನ ಹೋದಂತೆ ಇಳಿಯುತ್ತದೆ; ಚೆನ್ನಾಗಿ ಒಣಗಿಸಿ ಚೆನ್ನಾಗಿ ಇಟ್ಟ ಅಡಕೆಯ ಬೆಲೆ ವರ್ಷ ದಾಟಿದರೆ ಏರುತ್ತದೆ. ಒಂದು ಮಳೆಗಾಲವನ್ನು ಕೆಡದೆ ಕಳೆದ ಹಳೆಯ ಚಾಲಿಗೆ, ಪೇಟೆಯ ಮಾತಿನಲ್ಲಿ ಡಬ್ಬಲ್ ಚೋಲಿಗೆ, ಹೊಸದಕ್ಕಿಂತ ಸಾಧಾರಣವಾಗಿ ಹೆಚ್ಚಿನ ಕ್ರಯ ಸಿಕ್ಕುವುದು. ಆದರೆ ಆ ಒಂದು ಮಳೆಗಾಲವನ್ನು ದಾಟಿಸುವುದೆಂದರೆ ಮಗುವನ್ನು ಸಾಕಿದಂತೆ. ಚೀಲದೊಳಗೆ ಪ್ಲಾಸ್ಟಿಕ್ಕಿನ ಅಸ್ತರಿ ಹಾಕಿ ಬಾಯಿ ಬಿಗಿಯಬೇಕು. ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲೆ ಪೇರಿಸಬೇಕು. ಮಳೆ ಬಿಟ್ಟ ದಿನ ಬಿಚ್ಚಿ ಮೂಸಿ ನೋಡಬೇಕು. ಬಡವನಿಗೆ ಕಾಯುವ ಶಕ್ತಿಯಿಲ್ಲ; ಹಸಿ ಮಾರಿದವನು ಒಣಗಿಸಿದವನಿಗೂ, ಒಣಗಿಸಿದವನು ಕಾಯ್ದಿಟ್ಟವನಿಗೂ ತನ್ನ ಪಾಲನ್ನು ಬಿಟ್ಟುಕೊಡುತ್ತಾನೆ. ಹೀಗಿರಲು, ಸಂಗ್ರಹಣೆಯ ಪ್ರಶ್ನೆಯು ಕಡೆಗೆ ಸಾಲದ ಪ್ರಶ್ನೆಯೇ ಆಗುವುದು. 1970ರ ಸುಮಾರಿಗೆ ಅಡಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕರ್ನಾಟಕ ಕೇರಳಗಳ ಬೆಳೆಗಾರರು ಕೂಡಿ 1973ನೆಯ ಜುಲೈ 11ರಂದು ಕ್ಯಾಂಪ್ಕೋ ಎಂಬ ಸಹಕಾರ ಸಂಘವನ್ನು ಮಂಗಳೂರಿನಲ್ಲಿ ಸ್ಥಾಪಿಸಿದ್ದರ ಮೂಲವೂ ಇಲ್ಲಿಯೇ ಇದೆ. ಒಬ್ಬನಿಗೆ ಕಾಯಲು ಬಾರದುದನ್ನು ಹಲವರು ಕೂಡಿ ಕಾಯಬಹುದು.

ಸತ್ಯವನ್ನು ಹೇಳುವಾಗ ಅಡಕೆಯ ಮತ್ತೊಂದು ಮುಖವನ್ನೂ ಮರೆಯುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 2004ರಲ್ಲಿ ಅಡಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿತು. ತಾಂಬೂಲವನ್ನು ಮಂಗಳವೆಂದು ನಂಬಿದ ನಾಡಿಗೆ ಈ ಮಾತು ಕಹಿಯಾದುದು. ಅಡಕೆಯನ್ನೇ ನೆಚ್ಚಿಕೊಂಡ ಊರಿಗೆ ಭಯವನ್ನುಂಟುಮಾಡುವಂಥದು. ಬೂಷ್ಟು ಹಿಡಿದ ಅಡಕೆಯನ್ನು ಕಲಸಿ ಮಾರುವುದು ಇದರ ಮೇಲೆ ಮತ್ತೊಂದು ವಿಷವನ್ನು ಸೇರಿಸಿದಂತೆ. ಒಂದೇ ಮರವನ್ನು ನಂಬಿ ಗದ್ದೆಗಳನ್ನೆಲ್ಲ ತೋಟಮಾಡಿ, ಸೌತೆಗೆ ಸಾಲು ತೋಡುವ ಜಾಗವನ್ನೇ ಕಳೆದುಕೊಂಡುದು ವಿವೇಕವೋ ಅಲ್ಲವೋ ಎಂಬುದನ್ನು ವಾಚಕರು ಆಲೋಚಿಸಬಹುದು.

ಗದ್ದೆ ಹೋದಂತೆ ಅಟ್ಟವೂ ಹೋಗುತ್ತಿದೆ. ಕಾಂಕ್ರೀಟಿನ ತಾರಸಿಯ ಮನೆಗೆ ತೊಲೆಯಿಲ್ಲ. ಅಡಿಗೆಯ ಅನಿಲಕ್ಕೆ ಹೊಗೆಯಿಲ್ಲ. ಹೆಂಗಸರ ಕಣ್ಣೂ ಶ್ವಾಸಕೋಶವೂ ಉಳಿದುವು. ಇದು ಸಂತೋಷದ ಸಂಗತಿ. ಆದರೆ ಹೊಗೆ ಮಾಡುತ್ತಿದ್ದ ಕೆಲಸವನ್ನು ಬೇರೆ ಯಾವುದಾದರೂ ಮಾಡಬೇಕಾಗುತ್ತದೆ. ತಂಗಳಪೆಟ್ಟಿಗೆಯು ಎಲ್ಲವನ್ನೂ ಮಾಡುವುದೆಂದು ಭಾವಿಸುವವರಿದ್ದಾರೆ. ಉಷ್ಣದೇಶದ ಹಣ್ಣುಗಳಿಗೆ ಚಳಿಯೂ ಒಂದು ರೋಗ. 13 ಡಿಗ್ರಿಗಿಂತ ಕಡಮೆಯ ತಂಪಿನಲ್ಲಿಟ್ಟ ಬಾಳೆಯ ಸಿಪ್ಪೆ ಕಪ್ಪಾಗಿ ಸರಿಯಾಗಿ ಮಾಗದೆ ಹೋಗುವುದನ್ನು ಯಾರೂ ಪರೀಕ್ಷಿಸಿ ನೋಡಬಹುದು. ಕೇಂಬ್ರಿಜಿನಲ್ಲಿ ಕಿಡ್ ಮತ್ತು ವೆಸ್ಟ್ ಎಂಬಿಬ್ಬರು ಶಾಸ್ತ್ರಜ್ಞರು 1920ರ ದಶಕದಲ್ಲಿ, ತಂಪು ಮಾತ್ರವಲ್ಲದೆ ಗಾಳಿಯಲ್ಲಿಯ ಆಮ್ಲಜನಕವನ್ನು ಕಡಮೆಮಾಡಿ ಇಂಗಾಲಾಮ್ಲವನ್ನು ಹೆಚ್ಚಿಸಿದರೆ ಸೇಬು ಇನ್ನಷ್ಟು ಕಾಲ ಬಾಳುವುದೆಂದು ತೋರಿಸಿಕೊಟ್ಟರು. ಹಣ್ಣಿನ ಉಸಿರನ್ನು ನಿಧಾನಮಾಡಿದರೆ ಮುಪ್ಪು ತಡವಾಗುವುದೆಂಬುದೇ ಅದರ ತತ್ತ್ವ. ಲೋಕದ ದೊಡ್ಡ ಉಗ್ರಾಣಗಳೆಲ್ಲ ಇದರ ಮೇಲೆ ನಡೆಯುವುವು. ಗಾಯಮಾಡದೆ ಕೊಯ್ಯಬೇಕು, ಬೇಗನೆ ಆರಿಸಬೇಕು, ಕೆಟ್ಟದ್ದನ್ನು ಒಡನೆ ಬೇರ್ಪಡಿಸಬೇಕು ಎಂಬ ಮೊದಲ ಪಾಠಗಳು ಆ ಉಗ್ರಾಣಕ್ಕೂ ಲಾಯಿಲದ ಅಟ್ಟಕ್ಕೂ ಒಂದೇ.

ಅಂಗಳವೂ ಬದಲಾಗುತ್ತಿದೆ. ಕೊಳವೆಗಳ ಕಮಾನಿಗೆ ಪಾರದರ್ಶಕವಾದ ಹಾಳೆಯನ್ನು ಎಳೆದು ಕಟ್ಟಿದ, ಎರಡು ತುದಿಗಳಲ್ಲಿಯೂ ಗಾಳಿಯಾಡುವ ಒಣಗುಮನೆಗಳು ಈಗ ಬೆಳ್ತಂಗಡಿಯ ಸುತ್ತಣ ತೋಟಗಳಲ್ಲಿ ಕಾಣಸಿಗುವುವು. ಮೇಲಿನ ಮಳೆಯೂ ಕೆಳಗಿನ ನೀರೂ ಅದರೊಳಗೆ ಬರುವುದಿಲ್ಲ, ಇರುಳಿನ ಇಬ್ಬನಿಯೂ ಬೀಳುವುದಿಲ್ಲ. ಮೊದಲು ಹೇಳಿದ ಆ ಮನೆಯವರೂ ಅಂಗಳಕ್ಕೆ ಅಂಥದೊಂದನ್ನು ಕಟ್ಟಿಸಿದರು. ಕಟ್ಟಿಸುವಾಗ ನೆಲವನ್ನು ಎತ್ತರಿಸಿ ಇಳಿಜಾರನ್ನು ಸರಿಪಡಿಸುವುದನ್ನು ಮಗನೇ ನಿಂತು ನೋಡಿಕೊಂಡನು. ಕಾಯ್ದಿಟ್ಟ ಅರ್ಧದ ಚೀಲಗಳನ್ನು ಆ ವರ್ಷ ಮಳೆಗಾಲವಿಡೀ ಬಿಚ್ಚಿ ಮೂಸಿ ಕಟ್ಟುತ್ತಿದ್ದವನೂ ಅವನೇ. ಮಳೆ ಹಿಂದೆಗೆದು ಬಿಸಿಲು ಬಂದಮೇಲೆ ಅವನು ಒಂದು ಚೀಲದಿಂದ ಹತ್ತು ಅಡಕೆಗಳನ್ನು ತೆಗೆದು, ಅಡಕತ್ತರಿಯಿಂದ ಹೋಳುಮಾಡಿ, ಬಾಳೆಯೆಲೆಯ ಮೇಲಿರಿಸಿ ಅಜ್ಜಿಯ ಮುಂದಕ್ಕೆ ತಂದನು. ಮಂದವಾದ ಕಣ್ಣುಗಳಿಗೆ ಹೋಳುಗಳ ಬಣ್ಣ ತಿಳಿಯಲಿಲ್ಲ. ಆಕೆಯು ಒಂದನ್ನು ಮೂಸಿ ನೋಡಿ, ಸಾಕೆಂಬಂತೆ ತಲೆಯಾಡಿಸಿ, ಮೇಲಿನಿಂದ ಒಂದು ಸೌತೆಕಾಯಿಯನ್ನು ಬಿಚ್ಚಿ ತರುವಂತೆ ಸೊಸೆಗೆ ಹೇಳಿದಳು. ಹಿಂದಿನ ಬೇಸಗೆಯ ಕಾಯಿಗಳಲ್ಲಿ ಇನ್ನೂ ನಾಲ್ಕು ಉಳಿದಿದ್ದುವು.